ಚಳಿ ನಮಗೆ, ಮೀನಿಗಲ್ಲ

ಡಿಸೆಂಬರ್ ಬಂತೆಂದರೆ ಗಾಳ ಹಾಕುವವರ ಪತ್ರಗಳಲ್ಲಿ ಒಂದೇ ದೂರು: ಮೀನೆಲ್ಲ ಎಲ್ಲಿ ಹೋಯ್ತು? ಈ ಸಲ ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ಪ್ರತಿ ಭಾನುವಾರ ಬೆಳಗ್ಗೆ 6 ಗಂಟೆಗೆ ಗಂಗೊಳ್ಳಿ ಅಳಿವೆ ಹತ್ತಿರ ಗಾಳ ಹಾಕುತ್ತೇನೆ. ಅಕ್ಟೋಬರಿನಲ್ಲಿ ಕುರುಡಿ (ಸೀ ಬಾಸ್) ಸಿಗುತ್ತಿತ್ತು. ಈಗ ಒಂದು ವಾರ ನಾಲ್ಕೈದು ಕಾಣೆ ಮೀನು (ಲೇಡಿಫಿಶ್) ಸಿಕ್ಕಿದರೆ ಮುಂದಿನ ವಾರ ಖಾಲಿ ಕೈ. ನೀರು ತಣ್ಣಗಾಗಿದ್ದಕ್ಕೆ ಮೀನು ಕಚ್ಚುತ್ತಿಲ್ಲವೇ? (ಕುಂದಾಪುರದ ಓದುಗರು)

ನೀರಿನ ಮೇಲೆ ತಪ್ಪು ಹೊರಿಸಬೇಡಿ ಮಾರಾಯ್ರೆ. ಜನವರಿಯಲ್ಲೂ ನಮ್ಮ ಕಡಲ ನೀರು 28 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಬೆಳಗಿನ ಜಾವ ಹೊಳೆಯ ಆಳವಿಲ್ಲದ ಕಡೆ ಇನ್ನೊಂದೆರಡು ಡಿಗ್ರಿ ಕಡಿಮೆ ಇರಬಹುದು, ಅಷ್ಟೇ. ನಿಜ ಹೇಳಬೇಕೆಂದರೆ ನಮ್ಮ ಕರಾವಳಿಯಲ್ಲಿ ತಣ್ಣಗಿನ ನೀರು ಬರುವುದು ಮಳೆಗಾಲದಲ್ಲಿ. ಆಗ ಕಡಲಿನ ಆಳದ ನೀರು ಮೇಲಕ್ಕೆ ಏಳುತ್ತದೆ. ಡಿಸೆಂಬರಿನಲ್ಲಿ ಸ್ವೆಟರ್ ಬೇಕಾಗುವುದು ದಡದಲ್ಲಿ ನಿಂತ ನಿಮಗೆ ಮಾತ್ರ.

ಹಾಗಾದರೆ ಬದಲಾಗಿದ್ದು ಏನು? ಒಂದು, ಹೊಳೆಗಳ ಸಿಹಿನೀರು ಇಳಿದಿದೆ. ಗಂಗೊಳ್ಳಿಯಲ್ಲಿ ಕಡಲು ಸೇರುವ ಪಂಚಗಂಗಾವಳಿಗೆ ಮಳೆಗಾಲದಲ್ಲಿ ಐದು ಹೊಳೆಗಳ ಕೆಂಪು ನೀರು ನುಗ್ಗುತ್ತದೆ. ಡಿಸೆಂಬರಿಗೆ ಆ ಸೆಳೆತ ಸತ್ತು, ಉಪ್ಪುನೀರು ಹೊಳೆಯಲ್ಲಿ ಮೇಲೆ ಮೇಲೆ ಹತ್ತುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಇದೇ ಸಮಯದಲ್ಲಿ, ಅಲ್ವಾ? ಗದ್ದೆಗೆ ಉಪ್ಪು ಬರಬಾರದು ಅಂತ. ಉಪ್ಪಿನ ಜೊತೆ ಸಿಗಡಿ, ಸಣ್ಣ ಮೀನು ಮೇಲೆ ಹೋದವು ಅಂದರೆ ಕುರುಡಿಯೂ ಹಿಂದೆಯೇ ಹೋಗುತ್ತದೆ. ಅಳಿವೆ ಬಾಯಲ್ಲಿ ಕಾದು ಕೂರುವ ಬದಲು ಒಂದೆರಡು ಸೇತುವೆ ಮೇಲಕ್ಕೆ ಹೋಗಿ ನೋಡಿ. ಕಂಬದ ನೆರಳು, ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಅಂಚು, ಹಳೇ ಕಲ್ಲಿನ ಕಟ್ಟೆ. ಕುರುಡಿ ಇಂಥ ಕಡೆ ಅಡಗಿಕೊಂಡು ಕಾಯುವ ಮೀನು.

ಎರಡು, ನಿಮ್ಮ ಭಾನುವಾರ. ಇದನ್ನು ಯಾರೂ ಗಮನಿಸುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ನಮ್ಮ ಕಡೆ ಬೆಳಗ್ಗೆ ಸುಮಾರು 5ಕ್ಕೆ ನೀರು ಪೂರ್ತಿ ಇಳಿದಿರುತ್ತದೆ. ಆಮೇಲೆ ಏರಲು ಶುರುವಾಗಿ 11ರ ಹೊತ್ತಿಗೆ ತುಂಬುತ್ತದೆ. ನೀವು 6ಕ್ಕೆ ಹೋದಾಗ ನೀರು ಚೆನ್ನಾಗಿ ಒಳಗೆ ಹರಿಯುತ್ತಿರುತ್ತದೆ. ಏಳು ದಿನ ಬಿಟ್ಟು ಬನ್ನಿ. ಈಗ ಅಷ್ಟಮಿ ಹತ್ತಿರ. ಅದೇ 6 ಗಂಟೆಗೆ ನೀರು ತುಂಬಿ ಸುಮ್ನೆ ನಿಂತಿರುತ್ತದೆ. ಏರಿಳಿತವೂ ಕಡಿಮೆ, ಸೆಳೆತವೂ ಕಡಿಮೆ. ನೀರು ಓಡದಿದ್ದರೆ ಮೀನೂ ಓಡುವುದಿಲ್ಲ. ಒಂದು ವಾರ ಕಾಣೆ, ಇನ್ನೊಂದು ವಾರ ಖಾಲಿ ಕೈ ಅಂದಿರಲ್ಲ, ನನ್ನ ಪ್ರಕಾರ ಕಾರಣ ಇದೇ.

ನೀರಿನ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೊಳೆಯಲ್ಲಿ ಮೇಲೆ ಹೋದಷ್ಟೂ ಇನ್ನೂ ತಡ. ಅದಕ್ಕೇ ಗಡಿಯಾರ ನೋಡಿ ಹೊರಡಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಮೊಬೈಲಿನಲ್ಲಿ ಭರತ-ಇಳಿತದ ಹೊತ್ತು ನೋಡಿ. ಅಷ್ಟಮಿಯ ಭಾನುವಾರ ಮನೆಯವರ ಜೊತೆ ತಿಂಡಿ ಮುಗಿಸಿ 8ರ ಮೇಲೆ ಹೊರಡಿ. ಇಳಿಯುವ ನೀರಾದರೂ ಸಿಗುತ್ತದೆ, ಮನೆಯಲ್ಲಿ ಬೈಗುಳವೂ ತಪ್ಪುತ್ತದೆ.

ಮೂರು, ನೀರು ತಿಳಿ. ಕಾಣೆ ಮೊದಲೇ ಪುಕ್ಕಲು ಮೀನು. ಸ್ವಲ್ಪ ಹೆದರಿದರೆ ಮರಳಲ್ಲಿ ಹೂತುಕೊಳ್ಳುತ್ತದೆ. ಅಕ್ಟೋಬರಿನ ದಪ್ಪ ದಾರವನ್ನೇ ಈಗಲೂ ಕಟ್ಟಿದರೆ ಅದಕ್ಕೆ ಹಗ್ಗ ಕಂಡ ಹಾಗೆ ಕಾಣುತ್ತದೆ. ತುದಿಗೆ ಒಂದು ಮೀಟರ್ ನೀರಿನಲ್ಲಿ ಅಷ್ಟಾಗಿ ಕಾಣದ 0.25 ಮಿಲಿಮೀಟರಿನ ಫ್ಲೋರೋಕಾರ್ಬನ್ ದಾರ ಕಟ್ಟಿ. 8 ಅಥವಾ 10ನೇ ನಂಬರಿನ ಸಣ್ಣ ಕೊಕ್ಕೆ ಸಾಕು. ಈಯದ ಗುಂಡು ದಾರದ ಮೇಲೆ ಸಲೀಸಾಗಿ ಜಾರುವಂತಿರಲಿ. ಮೀನು ಎಳೆದಾಗ ಅದಕ್ಕೆ ಭಾರ ಗೊತ್ತಾಗಬಾರದು.

ಸಿಗಡಿಯನ್ನು ಇಡೀ ಚುಚ್ಚಬೇಡಿ. ತಲೆ ತೆಗೆಯಿರಿ, ಸಿಪ್ಪೆ ಸುಲಿಯಿರಿ, ಬಾಲದ ಕಡೆಯಿಂದ ಕಿರುಬೆರಳಿನ ಉಗುರಿನಷ್ಟು ತುಂಡು ಮಾಡಿ. ಅದನ್ನು ಕೊಕ್ಕೆಯ ಬಾಗಿಗೆ ನೇರವಾಗಿ ಏರಿಸಿ, ಮೊನೆ ಕೂದಲೆಳೆಯಷ್ಟು ಹೊರಗಿರಲಿ. ತುಂಡು ನೇತಾಡುತ್ತಿದ್ದರೆ ಕಾಣೆ ಅದನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ, ನಿಮಗೆ ಟಕ್ ಟಕ್ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಎಸೆದ ಮೇಲೆ ಸುಮ್ನೆ ಇಡಬೇಡಿ. ಅರ್ಧ ನಿಮಿಷಕ್ಕೊಮ್ಮೆ ಒಂದಡಿ ಎಳೆಯಿರಿ. ಗುಂಡು ಮರಳಲ್ಲಿ ಉಜ್ಜಿ ಸಣ್ಣಗೆ ದೂಳು ಎಬ್ಬಿಸುತ್ತದೆ. ಹುಳ ಓಡಿತೇನೋ ಅಂತ ಕಾಣೆ ನೋಡಲು ಬರುತ್ತದೆ.

ಗಾಳಿಯೂ ಈಗ ನಿಮ್ಮ ಕಡೆಯೇ. ಬೆಳಗ್ಗೆ ಮೂಡಣ ಗಾಳಿ ಬೆನ್ನಿಗೆ ಬೀಸುತ್ತದೆ, ಕಡಲು ಎಣ್ಣೆ ಸವರಿದ ಹಾಗೆ ಇರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದುರಿಗೆ ತಿರುಗಿತು ಅಂದರೆ ಹಗುರ ಗುಂಡು ದೂರ ಹೋಗುವುದಿಲ್ಲ.

ಪ್ರಶ್ನೆ: ನಾನು ಉಡುಪಿ ಕಡೆಯವನು, ಈಗ ಹೂಸ್ಟನ್‌ನಲ್ಲಿದ್ದೇನೆ. ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಊರಿನ ಅಭ್ಯಾಸದಂತೆ ನಸುಕಿಗೇ ಹೋದರೆ ಜನವರಿಯಲ್ಲಿ ಏನೂ ಸಿಗುವುದಿಲ್ಲ. ಏನು ಮಾಡಲಿ?

ನಿಮ್ಮಲ್ಲಿ ಮಾತ್ರ ಚಳಿ ಮೀನಿಗೂ ಉಂಟು. ಮೇಲೆ ಬರೆದದ್ದನ್ನು ಅರ್ಧ ಮರೆತುಬಿಡಿ. ಅಲ್ಲಿ ಉತ್ತರದ ಶೀತಗಾಳಿ ಬಂದಾಗ ನೀರು ಒಂದೆರಡು ದಿನದಲ್ಲೇ ತಣ್ಣಗಾಗುತ್ತದೆ. ಅದೇ ಗಾಳಿ ಕೊಲ್ಲಿಯ ನೀರನ್ನು ಕಡಲಿಗೆ ತಳ್ಳುವುದರಿಂದ ನೀರಿನ ಮಟ್ಟವೂ ಇಳಿಯುತ್ತದೆ, ಪಟ್ಟಿಯಲ್ಲಿ ಭರತ ಅಂತ ಇದ್ದರೂ ಅಷ್ಟೇ. ಸ್ಪೆಕಲ್ಡ್ ಟ್ರೌಟ್, ರೆಡ್‌ಫಿಶ್ ಎರಡೂ ಆಗ ಆಳದ ಗುಂಡಿ, ಕಾಲುವೆ ಸೇರುತ್ತವೆ.

ನಸುಕು ಬಿಡಿ, ಮಧ್ಯಾಹ್ನ ಹೋಗಿ. ಕಪ್ಪು ಕೆಸರಿನ ತಳ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಅದರಲ್ಲೂ ಅಲ್ಲಲ್ಲಿ ಸಿಂಪಿ ಚಿಪ್ಪಿನ ದಿಬ್ಬ ಇದ್ದು, ಪಕ್ಕದಲ್ಲೇ ಆಳ ಇದ್ದರೆ ಅದೇ ಜಾಗ. ಗಾಳಕ್ಕೆ ಕಟ್ಟಿದ ಪ್ಲಾಸ್ಟಿಕ್ ಮೀನನ್ನು ನಿಮಗೇ ಬೇಜಾರು ಬರುವಷ್ಟು ನಿಧಾನ ಎಳೆಯಿರಿ. ಇನ್ನೂ ನಿಧಾನ. ತಣ್ಣಗಿನ ನೀರಿನಲ್ಲಿ ಮೀನಿಗೆ ಹಸಿವು ಕಡಿಮೆ, ಓಡಿಸಿಕೊಂಡು ಬರುವುದಿಲ್ಲ. ಕಚ್ಚುವುದೂ ಜೋರಾಗಿ ಅಲ್ಲ, ದಾರ ಸ್ವಲ್ಪ ಭಾರ ಆದ ಹಾಗೆ ಅನ್ನಿಸುತ್ತದೆ ಅಷ್ಟೇ.

2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸ್ ಕರಾವಳಿಯಲ್ಲಿ ಕಡಿಮೆ ಅಂದರೂ 38 ಲಕ್ಷ ಮೀನು ಸತ್ತವು ಎಂದು ಅಲ್ಲಿನ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಅಂದಾಜು ಮಾಡಿತ್ತು. ಅಂಥ ಚಳಿ ಬಂದಾಗ ಮೀನೆಲ್ಲ ಆಳದ ಗುಂಡಿಗಳಲ್ಲಿ ಗುಂಪು ಕಟ್ಟುತ್ತವೆ. ಹಿಡಿಯುವುದು ಸುಲಭ, ಅದಕ್ಕೇ ಕೆಲವು ಜಾಗಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತಾರೆ. ಹೊರಡುವ ಮುಂಚೆ ಇಲಾಖೆಯ ಸೂಚನೆ ಓದಿ. ಲೈಸೆನ್ಸ್ ಜೊತೆ ಉಪ್ಪುನೀರಿನ ಪರವಾನಗಿಯೂ ಇರಲಿ.

ಪ್ರಶ್ನೆ: ಗಾಳಕ್ಕೆ ಬಿದ್ದ ತೇಡೆ (ಕ್ಯಾಟ್‌ಫಿಶ್) ಬಿಡಿಸುವಾಗ ಮುಳ್ಳು ಚುಚ್ಚಿ ಕೈ ಊದಿಕೊಂಡಿತು. ಐಸ್ ಇಟ್ಟೆ, ನೋವು ಹೆಚ್ಚಾಯಿತು. (ಮಲ್ಪೆ)

ಐಸ್ ಅಲ್ಲ, ಬಿಸಿನೀರು. ತೇಡೆಯ ಬೆನ್ನಿನ ಮೇಲೆ ಒಂದು, ಎದೆಯ ಎರಡು ಕಡೆ ಒಂದೊಂದು ಗರಗಸದಂಥ ಮುಳ್ಳು ಇರುತ್ತದೆ. ಅದರಲ್ಲಿರುವ ವಿಷ ಬಿಸಿಗೆ ಕೆಡುತ್ತದೆ. ಗಾಯ ತೊಳೆದು, ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಕೈ ಅದ್ದಿ. ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ. ನೋಯದ ಕೈ ಹಾಕಿ ಮೊದಲು ನೋಡಿ. ನೋವಿನ ಕೈಗೆ ಬಿಸಿ ಗೊತ್ತಾಗುವುದಿಲ್ಲ, ನಾನೇ ಒಮ್ಮೆ ಬೆರಳು ಬೊಬ್ಬೆ ಬರಿಸಿಕೊಂಡಿದ್ದೇನೆ. ಮುಳ್ಳು ಒಳಗೆ ಮುರಿದಿದ್ದರೆ, ಊತ ಏರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಟೆಟನಸ್ ಚುಚ್ಚುಮದ್ದಿನ ವಿಷಯವನ್ನೂ ಕೇಳಿ. ತೊರಕೆ (ಸ್ಟಿಂಗ್‌ರೇ) ಚುಚ್ಚಿದರೂ ಮೊದಲು ಇದನ್ನೇ ಮಾಡಬೇಕು. ಆದರೆ ಆ ಮುಳ್ಳು ಎದೆಗೋ ಹೊಟ್ಟೆಗೋ ಹೊಕ್ಕಿದ್ದರೆ ಕೀಳಬೇಡಿ, ಹಾಗೇ ಕರೆದುಕೊಂಡು ಹೋಗಿ.

ಪ್ರಶ್ನೆ: ಸಣ್ಣ ಕುರುಡಿ ಬಿಡಬೇಕೋ, ದೊಡ್ಡದು ಬಿಡಬೇಕೋ? (ಕಾರವಾರ)

ಎರಡನ್ನೂ! ಕುರುಡಿ ಮೊದಲು ಗಂಡು, ಕೆಲವು ವರ್ಷ ಬೆಳೆದ ಮೇಲೆ ಹೆಣ್ಣಾಗುತ್ತದೆ. ಭಾರೀ ಕುರುಡಿಗಳು ಹೆಚ್ಚುಕಡಿಮೆ ಎಲ್ಲವೂ ಮೊಟ್ಟೆ ಇಡುವ ತಾಯಂದಿರು. ಸಾರಿಗೆ ಎರಡು-ಮೂರು ಕೆಜಿಯದು ರುಚಿ, ಅದನ್ನು ಇಟ್ಟುಕೊಳ್ಳಿ. ಬಿಡುವ ಮೀನನ್ನು ಒಣಕೈಯಲ್ಲಿ ಹಿಡಿಯಬೇಡಿ, ಮೈಯ ಲೋಳೆ ಹೋಗುತ್ತದೆ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗಿರುತ್ತದೆ, ಅಲ್ಲಿಗೆ ಮಾತ್ರ ಬೆರಳು ಹಾಕಬೇಡಿ.