ತಂದೆಯ ಅಂತ್ಯಕ್ರಿಯೆಯ ಖರ್ಚಿಗೆ ವಿಮೆ ಬೇಕೆ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಅವರ ಅಂತ್ಯಸಂಸ್ಕಾರ ಮತ್ತು ಉತ್ತರಕ್ರಿಯೆಗಳ ಖರ್ಚಿಗೆ ಸಾಲ ಮಾಡುವಂತಾಗಬಾರದು. ಇದಕ್ಕೆ ಯಾವ ವಿಮೆ ಸೂಕ್ತ? ನನಗೆ ಕಾರ್ಖಾನೆಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯವಿದೆ.

ಉತ್ತರ: ಅಂತ್ಯಕ್ರಿಯೆಗೆಂದೇ ಮೀಸಲಾದ ವಿಮೆ ನಮ್ಮ ದೇಶದಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ, ಸಾಮಾನ್ಯ ಜೀವವಿಮೆಯೋ ಈ ವಯಸ್ಸಿನಲ್ಲಿ ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ. ವರ್ಷಕ್ಕೆ 436 ರೂಪಾಯಿ ಕಂತಿನ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ 50 ವರ್ಷದವರೆಗಿನವರು ಮಾತ್ರ ಸೇರಬಹುದು. 20 ರೂಪಾಯಿಯ ಸುರಕ್ಷಾ ವಿಮೆ ಅಪಘಾತಕ್ಕಷ್ಟೇ ಅನ್ವಯಿಸುತ್ತದೆ, ಅದೂ 70 ವರ್ಷದವರೆಗೆ. ಇಎಸ್‌ಐ ಕೊಡುವ ಗರಿಷ್ಠ 15,000 ರೂಪಾಯಿಯ ಅಂತ್ಯಕ್ರಿಯೆ ವೆಚ್ಚವು ವಿಮಾದಾರ ಕಾರ್ಮಿಕನ ಮರಣಕ್ಕೆ ಸಲ್ಲುವಂಥದ್ದು, ಅವನ ತಂದೆ-ತಾಯಿಯದಕ್ಕಲ್ಲ.

ಆದ್ದರಿಂದ ಕಂತಿಗೆ ಕೊಡುವ ಹಣವನ್ನೇ ತಂದೆ ಮತ್ತು ನೀವು ಜಂಟಿಯಾಗಿ ತೆರೆದ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನ ಖಾತೆಯಲ್ಲಿ ಕೂಡಿಡುವುದು ನನ್ನ ದೃಷ್ಟಿಯಲ್ಲಿ ಮೇಲು, ಏಕೆಂದರೆ ವಿಮೆಯ ಹಣ ಮರಣ ಪ್ರಮಾಣಪತ್ರ ಸಲ್ಲಿಸಿದ ಮೇಲಷ್ಟೇ ಬರುತ್ತದೆ, ಚಿತಾಗಾರದ ಖರ್ಚಾಗಲಿ ವೈಕುಂಠ ಸಮಾರಾಧನೆಯ ಅಡುಗೆಯವರಾಗಲಿ ಅಲ್ಲಿಯವರೆಗೆ ಕಾಯುವುದಿಲ್ಲ. ತಂದೆಯ ಹೆಸರಿನಲ್ಲಿ ಮಾತ್ರ ಇರುವ ಖಾತೆಗಳಿಗೆ ಈಗಲೇ ನಾಮನಿರ್ದೇಶನ (ನಾಮಿನಿಯ ನೇಮಕ) ಮಾಡಿಸಿ. 2025ರ ನವೆಂಬರ್‌ನಿಂದ ನಾಲ್ವರವರೆಗೆ ಹೆಸರಿಸಬಹುದು. ಅವರ ಎಟಿಎಂ ಕಾರ್ಡು ಕೈಯಲ್ಲಿದೆಯೆಂದು ಮರಣಾನಂತರ ಹಣ ತೆಗೆಯುವುದು (ಹಲವರು ಮಾಡುವುದು ಇದನ್ನೇ) ಕಾನೂನುಬದ್ಧವಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ವಿಳಂಬ ಶುಲ್ಕ ಬೀಳುವುದಿಲ್ಲ. ಯಾವ ಕರ್ಮಗಳನ್ನು ಎಷ್ಟರಮಟ್ಟಿಗೆ ಮಾಡಬೇಕೆಂದು ತಂದೆಯನ್ನೇ ಕೇಳಿ. ಹಿರಿಯರು ಬಯಸುವುದು ಎಷ್ಟೋ ಸಲ ನೆಂಟರು ನಿರೀಕ್ಷಿಸುವುದಕ್ಕಿಂತ ಕಡಿಮೆಯೇ ಇರುತ್ತದೆ.