ಪ್ರೌಢಶಾಲೆಯ ಕ್ಷೇಮ ಸಪ್ತಾಹದಿಂದ ಮಕ್ಕಳಿಗೆ ನಿಜವಾಗಿಯೂ ಪ್ರಯೋಜನವಿದೆಯೇ?

ಒಂಬತ್ತನೆಯ ತರಗತಿಯಲ್ಲಿರುವ ನಿಮ್ಮ ಮಗಳ ಶಾಲೆಯಲ್ಲಿ ಮುಂದಿನ ತಿಂಗಳು ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಮೀಸಲಾದ ಕ್ಷೇಮ ಸಪ್ತಾಹ ನಡೆಯಲಿದೆಯೆಂದೂ, ಪಾಠಗಳನ್ನು ಬದಿಗಿಟ್ಟು ಇಡೀ ವಾರವನ್ನು ಇದಕ್ಕೆ ಕೊಡುವುದು ಸರಿಯೇ ಎಂಬ ಸಂದೇಹ ನಿಮಗಿದೆಯೆಂದೂ ಬರೆದಿದ್ದೀರಿ. ನಾನು ಪ್ರೌಢಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ. ಕಳೆದ ವರ್ಷ ನಮ್ಮ ಶಾಲೆಯಲ್ಲೂ ಇಂಥದೇ ಸಪ್ತಾಹ ನಡೆಯಿತು. ಅದರಿಂದ ಪ್ರಯೋಜನವಾಯಿತು ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಆದರೆ ಆ ಪ್ರಯೋಜನದ ಬಹುಪಾಲು ಬಂದದ್ದು ವಾರದ ಕಾರ್ಯಕ್ರಮಗಳಿಂದಲ್ಲ, ವಾರ ಮುಗಿದ ಮೇಲೂ ಶಾಲೆಯಲ್ಲಿ ಉಳಿದುಕೊಂಡ ಒಂದೆರಡು ಬದಲಾವಣೆಗಳಿಂದ.

ಅಕ್ಟೋಬರ್ 10ನ್ನು 1992ರಿಂದ ವಿಶ್ವ ಮಾನಸಿಕ ಆರೋಗ್ಯ ದಿನವೆಂದು ಆಚರಿಸಲಾಗುತ್ತಿದ್ದು, ನಮ್ಮ ಸಪ್ತಾಹವನ್ನೂ ಅದಕ್ಕೆ ಹೊಂದಿಸಿಕೊಂಡಿದ್ದರು. ಭಿತ್ತಿಪತ್ರ ಸ್ಪರ್ಧೆ, ಗುಂಪು ಆಟ, ಚಿತ್ರಕಲೆ ಎಲ್ಲವೂ ಇದ್ದವು, ಖುಷಿಯಾಗಿಯೇ ಕಳೆದವು. ನನ್ನ ಮನಸ್ಸಿನಲ್ಲಿ ನಿಂತದ್ದು ನಿದ್ರೆಯ ಕುರಿತ ತರಗತಿ ಮತ್ತು ಪ್ರಶ್ನೆಗಳ ಪೆಟ್ಟಿಗೆ.

ನಿದ್ರೆಯ ತರಗತಿಯಲ್ಲಿ ಜೀವಶಾಸ್ತ್ರದ ಶಿಕ್ಷಕಿ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದೆವು ಎಂಬುದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ, ಆ ಅಂಕಿಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದರು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಲಗೆಯ ಮೇಲಿದ್ದ ಅಂಕಿಗಳಲ್ಲಿ ಹೆಚ್ಚಿನವು 5 ಮತ್ತು 6. ಹದಿಹರೆಯದಲ್ಲಿ ನಿದ್ರೆ ಬರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸಲು ತೊಡಗುವುದರಿಂದ ಬೇಗ ಮಲಗಿದರೂ ಕಣ್ಣು ಮುಚ್ಚುವುದಿಲ್ಲ, ಬೆಳಿಗ್ಗೆ ಏಳಲೂ ಆಗುವುದಿಲ್ಲ ಎಂದು ಅವರು ವಿವರಿಸಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಪ್ರೌಢಶಾಲೆಗಳು ಬೆಳಿಗ್ಗೆ 8:30ಕ್ಕಿಂತ ಮೊದಲು ಆರಂಭವಾಗಬಾರದೆಂದು 2014ರಲ್ಲಿ ಸಲಹೆ ನೀಡಿದ್ದು ಈ ಕಾರಣಕ್ಕೇ. ನಮ್ಮ ಶಾಲೆಯ ಸಮಯವೇನೂ ಬದಲಾಗಲಿಲ್ಲ. ಆದರೆ ಮನೆಗೆಲಸವನ್ನು ಆನ್‌ಲೈನ್‌ನಲ್ಲಿ ರಾತ್ರಿ 12ರೊಳಗೆ ಸಲ್ಲಿಸಬೇಕೆಂಬ ನಿಯಮವನ್ನು ತೆಗೆದು ಸಂಜೆ 7 ಗಂಟೆಯ ಗಡುವು ಹಾಕಿದರು, ಅದಕ್ಕೆ ತಕ್ಕಂತೆ ಮನೆಗೆಲಸವನ್ನೂ ಕಡಿಮೆ ಮಾಡಿದರು. ಆ ಬದಲಾವಣೆ ಇಂದಿಗೂ ಜಾರಿಯಲ್ಲಿದೆ. ನೂರು ಭಿತ್ತಿಪತ್ರಗಳಿಂದ ಆಗದ ಉಪಕಾರ ಈ ಒಂದು ನಿಯಮದಿಂದ ಆಯಿತೆಂದು ನಾನು ನಂಬಿದ್ದೇನೆ.

ಪ್ರಶ್ನೆಗಳ ಪೆಟ್ಟಿಗೆಯನ್ನು ಗ್ರಂಥಾಲಯದ ಬಾಗಿಲ ಬಳಿ ಇಟ್ಟಿದ್ದರು. ಆಪ್ತಸಮಾಲೋಚಕಿ ನಮ್ಮ ತರಗತಿಗೆ ಬಂದು ಅದರಲ್ಲಿದ್ದ ಚೀಟಿಗಳನ್ನು ಒಂದೊಂದಾಗಿ ಓದಿದರು. ಒಂದರಲ್ಲಿ, ‘ಪರೀಕ್ಷೆಯ ದಿನ ಬೆಳಿಗ್ಗೆ ವಾಂತಿ ಬಂದಂತಾಗುತ್ತದೆ, ಇದು ಹೆದರಿಕೆಯೋ ಕಾಯಿಲೆಯೋ ಗೊತ್ತಿಲ್ಲ’ ಎಂದು ಬರೆದಿತ್ತು. ಬರೆದವರು ಯಾರೆಂದು ಅವರು ಕೇಳಲಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ, ಹೀಗೆ ಆಗುವವರು ಕೈಯೆತ್ತಿ ಎಂದರು. ಆಮೇಲೆ, ಎತ್ತಿದ ಕೈಗಳು ತರಗತಿಯ ಅರ್ಧಕ್ಕಿಂತ ಹೆಚ್ಚಿದ್ದವು ಎಂದಷ್ಟೇ ತಿಳಿಸಿದರು. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಏರಿ, ಜೀರ್ಣಕ್ರಿಯೆ ನಿಧಾನವಾಗಿ ಹೊಟ್ಟೆ ತೊಳಸುತ್ತದೆ, ಪದೇಪದೇ ಹಾಗಾಗುತ್ತಿದ್ದರೆ ವೈದ್ಯರಿಗೂ ತೋರಿಸಬೇಕು ಎಂದರು. ಕೊನೆಯಲ್ಲಿ ತಮ್ಮ ಕೊಠಡಿ ಎಲ್ಲಿದೆ, ಯಾವ ಹೊತ್ತಿನಲ್ಲಿ ಬರಬಹುದು, ಹೇಳಿದ್ದರಲ್ಲಿ ಯಾವುದನ್ನು ಗುಟ್ಟಾಗಿಡುತ್ತಾರೆ, ಜೀವಕ್ಕೆ ಅಪಾಯವಿದ್ದರೆ ಯಾರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ನನ್ನ ಗೆಳತಿಯೊಬ್ಬಳು ಮುಂದಿನ ವಾರವೇ ಅವರನ್ನು ಕಂಡಳು. ಅಲ್ಲಿಯವರೆಗೆ ಅಂಥ ಕೊಠಡಿಯೊಂದು ಶಾಲೆಯಲ್ಲಿದೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಾಗಿರುವಾಗ ಯಾವುದೇ ತರಗತಿಯಲ್ಲಿ ಅವಳಂಥವರು ಒಬ್ಬರೇ ಇರಲಾರರು.

ಎಲ್ಲವೂ ಚೆನ್ನಾಗಿತ್ತೆಂದಲ್ಲ. ಒಂದು ದಿನ ನಮ್ಮನ್ನು ವೃತ್ತಾಕಾರವಾಗಿ ಕೂರಿಸಿ, ಪ್ರತಿಯೊಬ್ಬರೂ ತಮ್ಮ ಮನಸ್ಸಿನ ನೋವನ್ನು ಎಲ್ಲರೆದುರು ಹೇಳಬೇಕೆಂದರು. ಅದು ತಪ್ಪು. ಹೇಳಲು ಇಷ್ಟವಿಲ್ಲದವರು ಸುಮ್ಮನಿರಲು ಅವಕಾಶವಿರಬೇಕು, ಏಕೆಂದರೆ ಆಡಿದ ಮಾತು ಊಟದ ವಿರಾಮದೊಳಗೆ ಪಕ್ಕದ ತರಗತಿಯನ್ನು ತಲುಪಿರುತ್ತದೆ. ಅದೇ ವಾರದ ಕೊನೆಗೆ ಗಣಿತದ ಕಿರುಪರೀಕ್ಷೆಯನ್ನೂ ಇಟ್ಟಿದ್ದರಿಂದ ಅನೇಕರು ಕಾರ್ಯಕ್ರಮಗಳ ನಡುವೆಯೇ ಲೆಕ್ಕ ಬಿಡಿಸುತ್ತಾ ಕುಳಿತಿದ್ದರು. ಉಸಿರಾಟದ ಅಭ್ಯಾಸ ನನಗೆ ಹಿಡಿಸಿತು. ನಾಲ್ಕು ಎಣಿಸುತ್ತಾ ಉಸಿರು ಒಳಗೆಳೆದು ಆರು ಎಣಿಸುತ್ತಾ ಬಿಡುವುದನ್ನು ಪರೀಕ್ಷೆಗೆ ಮುಂಚೆ ಈಗಲೂ ಮಾಡುತ್ತೇನೆ. ಆದರೂ ಅದನ್ನು ಎಲ್ಲರಿಗೂ ಮದ್ದೆಂಬಂತೆ ಕಲಿಸಬಾರದು. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾಮಕ್ಕಳನ್ನು ಒಳಗೊಂಡು ನಡೆದು 2022ರಲ್ಲಿ ಪ್ರಕಟವಾದ ‘ಮಿರಿಯಡ್’ ಅಧ್ಯಯನದಲ್ಲಿ, ತರಗತಿಗೆ ತರಗತಿಯೇ ಮೈಂಡ್‌ಫುಲ್‌ನೆಸ್ (ಉಸಿರಿನಂಥ ಈ ಕ್ಷಣದ ಅನುಭವದ ಮೇಲೆ ಗಮನವಿಡುವ ಅಭ್ಯಾಸ) ಕಲಿತದ್ದರಿಂದ ಮಾಮೂಲಿ ಪಾಠಕ್ರಮಕ್ಕಿಂತ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ.

ಆದ್ದರಿಂದ ಮಗಳನ್ನು ಕಳುಹಿಸಿ, ಜೊತೆಗೆ ಶಾಲೆಯವರನ್ನು ಮೊದಲೇ ಒಮ್ಮೆ ಮಾತನಾಡಿಸಿ. ಸಪ್ತಾಹ ಮುಗಿದ ಮೇಲೆ ಮಕ್ಕಳು ಯಾರ ಬಳಿಗೆ ಹೋಗಬಹುದು, ಆ ವಾರ ಪರೀಕ್ಷೆಗಳನ್ನು ಇಟ್ಟಿದ್ದಾರೆಯೇ, ಮಕ್ಕಳು ಹೇಳಿದ್ದನ್ನು ಕೇಳಿ ಏನನ್ನಾದರೂ ಬದಲಿಸುವ ಉದ್ದೇಶ ಅವರಿಗಿದೆಯೇ ಎಂದು ವಿಚಾರಿಸಿ. ಅವಳು ಸಂಜೆ ಮನೆಗೆ ಬಂದಾಗ ಅಲ್ಲಿ ಏನು ಹೇಳಿಕೊಂಡಳೆಂದು ಕೆದಕಬೇಡಿ. ತಾನಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ. ಅವಳು ಈಗಾಗಲೇ ಊಟ, ನಿದ್ರೆ ಬಿಟ್ಟು ಮಂಕಾಗಿದ್ದರೆ ಅಥವಾ ಬದುಕೇ ಬೇಡವೆಂಬಂಥ ಮಾತಾಡುತ್ತಿದ್ದರೆ ಮಾತ್ರ ಮುಂದಿನ ತಿಂಗಳವರೆಗೆ ಕಾಯದೆ ಇವತ್ತೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.