ಆನೆ ಜಾಡು ಹಿಡಿಯುವುದನ್ನು ಕಲಿಯಲು ಡ್ರೋನ್ ತಗೊಳ್ಳಲಾ, ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ತಗೊಳ್ಳಲಾ?

ಎರಡೂ ಬೇಡ. ಬಳ್ಳಾರಿಯಿಂದ ಸಕಲೇಶಪುರಕ್ಕೆ ಹೋಗಿ, ತೋಟ-ರಸ್ತೆಗಳ ನಡುವೆ ಓಡಾಡುವ ಆನೆಗಳ ಜಾಡು ಹಿಡಿಯಬೇಕು ಅಂದಿದ್ದೀರಿ. ನಾನು ಸಂಡೂರಿನವನು. ಏಳು ವರ್ಷದ ಹಿಂದೆ ಇದೇ ಹುಚ್ಚು ಹತ್ತಿಸಿಕೊಂಡು ಹೋಗಿ ಕಾಲು ಮುರಿದುಕೊಂಡು ಬಂದೆ.

ಹೆಜ್ಜೆ ನೋಡುವುದು ಬೇಗ ಬಂತು. ಮುಂಗಾಲಿನದು ದುಂಡಗೆ, ಹಿಂಗಾಲಿನದು ಉದ್ದುದ್ದ. ಮುಂಗಾಲಿನ ಗುರುತಿನ ಸುತ್ತಳತೆಯ ಎರಡರಷ್ಟು ಅಂದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. ಒಂದು ದಾರ ಸಾಕು. ಕೈಕೊಟ್ಟಿದ್ದು ಲದ್ದಿ.

ಮಾರ್ಚ್ ತಿಂಗಳು. ರಸ್ತೆ ಅಗಲ ಮಾಡಲು ಮರ ಕಡಿದಿದ್ದ ಜಾಗ. ಹನ್ನೊಂದು ಗಂಟೆಗೆ ಲದ್ದಿ ಕಂಡಿತು, ಮೇಲೆಲ್ಲ ಒಣಗಿ ಕಂದು. "ಎರಡು ದಿನದ್ದು" ಅಂದೆ. ಜೊತೆಗಿದ್ದ ತೋಟದ ಅಣ್ಣ "ಒಡೆದು ನೋಡಿ ಸಾರ್" ಅಂದ. ಕೈ ಹೊಲಸಾಗುತ್ತದೆ ಅಂತ ಕೋಲಿನಿಂದ ಸುಮ್ನೆ ತಟ್ಟಿ ಮುಂದೆ ನಡೆದೆ. ಅಮ್ಮ ಕುಳ್ಳು ತಟ್ಟುವುದನ್ನು ನೋಡುತ್ತಲೇ ಬೆಳೆದವನು ನಾನು! ನಮ್ಮ ಬಿಸಿಲಿಗೆ ಕುಳ್ಳು ಮಧ್ಯಾಹ್ನದೊಳಗೆ ಮೇಲೆ ಗಟ್ಟಿ, ತಿರುವಿದರೆ ಕೆಳಗೆ ಹಸಿ. ಮರ ಹೋದ ಕಡೆ ಮಲೆನಾಡಿನಲ್ಲೂ ಅಷ್ಟೇ. ಅದೇ ಲದ್ದಿ ಕಾಫಿ ಗಿಡದ ನೆರಳಿಗೆ ಬಿದ್ದಿದ್ದರೆ ಮರುದಿನವೂ ಹಸಿಯಾಗಿ ಕಾಣುತ್ತಿತ್ತು. ಮೇಲಿನ ಸಿಪ್ಪೆ ನೋಡಿದರೆ ಬಿಸಿಲು ಎಷ್ಟಿತ್ತು ಅಂತ ಗೊತ್ತಾಗುತ್ತದೆ, ಆನೆ ಯಾವಾಗ ಹೋಯಿತು ಅಂತಲ್ಲ. ನನ್ನ ಬೆನ್ನ ಹಿಂದೆ ಆ ಅಣ್ಣ ಒಡೆದನಂತೆ. ಒಳಗೆ ಇನ್ನೂ ಬೆಚ್ಚಗಿತ್ತಂತೆ.

ಅವನು ಕೂಗುವಷ್ಟರಲ್ಲಿ ಪಕ್ಕದ ಕಾಫಿ ಗಿಡಗಳ ಹಿಂದೆ ಕಿವಿ ಬೀಸುವ ಸದ್ದು. ಓಡಿದೆ. ತೋಟದ ಗುಂಡಿಗೆ ಬಿದ್ದೆ. ಆನೆ ಇದ್ದಲ್ಲಿಂದ ಅಲ್ಲಾಡಲೇ ಇಲ್ಲ ಅನ್ನಿ. ಎರಡು ತಿಂಗಳು ಪ್ಲಾಸ್ಟರ್.

ಈಗ ಹೇಳಿ, ಇದರಲ್ಲಿ ಡ್ರೋನ್ ಏನು ಮಾಡುತ್ತಿತ್ತು? ನೆರಳು ಮರದ ಕೆಳಗಿನ ಆನೆ ಅದಕ್ಕೆ ಕಾಣುವುದಿಲ್ಲ, ಸದ್ದಿಗೆ ಬೆದರುವುದೇ ಜಾಸ್ತಿ. ಕ್ಯಾಮೆರಾ ಟ್ರ್ಯಾಪನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ಕಟ್ಟುವಂತಿಲ್ಲ.

ಅಷ್ಟಕ್ಕೂ ಆನೆಯೇ ಯಾಕೆ? 1994ರಿಂದ ದರೋಜಿ ಕರಡಿಧಾಮ ಮನೆ ಹತ್ತಿರವೇ ಇದೆ. ಜನರ ಕಾಟದ ನಡುವೆ ಪ್ರಾಣಿ ಹೇಗೆ ಓಡಾಡುತ್ತದೆ ಅಂತ ನೋಡಲು ಗಣಿ, ಲಾರಿ, ಬೋರ್‌ವೆಲ್ ಹೊಲ ಎಲ್ಲ ನಮ್ಮಲ್ಲೇ ಇವೆ ಅಲ್ವಾ? ಧಾಮದೊಳಗೆ ನುಗ್ಗಬೇಡಿ. ಸುತ್ತಲಿನ ಹೊಲದ ಬದುಗಳಲ್ಲೇ ಕೆದಕಿದ ಹುತ್ತ, ಬಾರೆ ಹಣ್ಣಿನ ಬೀಜ ತುಂಬಿದ ಹಿಕ್ಕೆ ಸಿಗುತ್ತವೆ. ಆ ಹೊಲದವರೊಬ್ಬರನ್ನು ಕರೆದುಕೊಂಡು ಬಿಸಿಲೇರಿದ ಮೇಲೆ ಹೋಗಿ. ಕರಡಿ ಇಳಿಯುವುದು ಸಂಜೆ ಮೇಲೆ.